ಮಧ್ಯಾಹ್ನದ ಎದುರಾಳಿಯನ್ನು ಬೆಳಿಗ್ಗೆಯೇ ನೋಡುವುದು

ಮಂಗಳೂರಿನಲ್ಲಿ ಯಾವುದಾದರೂ ಇಂಟರ್‌ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿಗೆ ಹೋದರೆ, ಕೋರ್ಟಿನ ಒಳಗೆ ಓಡುವ ಹತ್ತು ಜನರನ್ನು ಸ್ವಲ್ಪ ಹೊತ್ತು ಬಿಟ್ಟುಬಿಡಿ. ಹೊರಗೆ, ಗೋಡೆಯ ನೆರಳಲ್ಲಿ, ಬೆವರು ಆರದ ಜರ್ಸಿ ಮೇಲೆ ಟವೆಲ್ ಹಾಕಿಕೊಂಡು ಕೂತ ಒಂದು ಗುಂಪು ಸಿಗುತ್ತದೆ. ಬೆಳಗಿನ ಮ್ಯಾಚ್ ಗೆದ್ದವರು ಅವರು. ಒಂದು ಕೈಯಲ್ಲಿ ಬನ್ಸ್, ಇನ್ನೊಂದು ಕೈಯಲ್ಲಿ ಚಾ. ಮಾತು ಕಡಿಮೆ. ಈಗ ಆಡುತ್ತಿರುವ ಎರಡು ತಂಡಗಳಲ್ಲಿ ಗೆದ್ದವರ ಜೊತೆ ಅವರಿಗೆ ಮಧ್ಯಾಹ್ನ ಮ್ಯಾಚ್ ಉಂಟು. ಸೋತರೆ ಸಂಜೆಯ ಬಸ್ಸಿಗೆ ಮನೆ. ಹಾಗಾಗಿ ಕಣ್ಣು ಕೋರ್ಟು ಬಿಟ್ಟು ಕದಲುವುದಿಲ್ಲ.

"ಏಳನೇ ನಂಬರಿನವ ಬಲಗೈ ಮಾತ್ರ ಮಾರಾಯ, ಎಡಕ್ಕೆ ಹೋಗುವುದೇ ಇಲ್ಲ." "ಆ ಉದ್ದದವನಿಗೆ ಆಗಲೇ ಮೂರು ಫೌಲ್." "ಟೈಮ್‌ಔಟ್ ಆದ ಮೇಲೆ ಬಾಲು ಕಾರ್ನರಿಗೇ ಹೋಗ್ತದೆ, ನೋಡು." ಇಷ್ಟೇ ಮಾತು. ಇದಕ್ಕೆ ಇಂಗ್ಲಿಷಿನವರು ಸ್ಕೌಟಿಂಗ್ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೊಂದು ಹೆಸರು ಇಲ್ಲ. ಬೇಹುಗಾರಿಕೆ ಅಂದರೆ ತೀರಾ ಜಾಸ್ತಿ ಆಯಿತು, ವೀಕ್ಷಣೆ ಅಂದರೆ ಚುನಾವಣಾ ಆಯೋಗದ ಹಾಗೆ ಕೇಳಿಸುತ್ತದೆ. ನಮ್ಮ ಕಡೆ ಸುಮ್ಮನೆ "ನೋಡಿ ಬರುವುದು" ಅಂತಾರೆ. ಹುಡುಗಿಯನ್ನು ನೋಡಿ ಬಂದ ಹಾಗೆ, ಜಾಗ ನೋಡಿ ಬಂದ ಹಾಗೆ, ಎದುರಾಳಿಯನ್ನೂ ನೋಡಿ ಬರುವುದು.

ಈ ನೋಡಿ ಬರುವ ಕೆಲಸಕ್ಕೆ ಒಂದು ಒಳ್ಳೆಯ ಇತಿಹಾಸ ಉಂಟು. ಅದರ ಒಂದು ತುದಿ ಅಮೆರಿಕದಲ್ಲಿ, ಇನ್ನೊಂದು ತುದಿ ಮದರಾಸಿನ ದಾರಿಯಾಗಿ ನಮ್ಮ ಊರಿನ ಸಿಮೆಂಟ್ ಕೋರ್ಟುಗಳಲ್ಲಿ.

ಮೊದಲು ಆಟದ ವಿಷಯ. ಪ್ರಪಂಚದ ಹೆಚ್ಚಿನ ಆಟಗಳಿಗೆ ಹುಟ್ಟಿದ ದಿನ ಇರುವುದಿಲ್ಲ, ಬಾಸ್ಕೆಟ್‌ಬಾಲಿಗೆ ಉಂಟು. 1891ರ ಡಿಸೆಂಬರಿನಲ್ಲಿ ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಇದನ್ನು ಕಟ್ಟಿದರು. ಹೊರಗೆ ಹಿಮ, ಒಳಗೆ ಕಸರತ್ತು ಮಾಡಿ ಬೇಸತ್ತ ತರಗತಿ. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲೆ ಹೊಡೆಸಿ, ಹದಿಮೂರು ನಿಯಮ ಬರೆದು, ಒಂಬತ್ತೊಂಬತ್ತು ಜನರ ಎರಡು ತಂಡ ಮಾಡಿ ಬಿಟ್ಟರು. ಮೊದಲ ಆಟದಲ್ಲಿ ಒಟ್ಟು ಬಿದ್ದದ್ದು ಒಂದೇ ಬುಟ್ಟಿ. ಎದುರಾಳಿಯನ್ನು ಮೊದಲೇ ನೋಡಿ ಬರುವ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಆಟವನ್ನೇ ಯಾರೂ ನೋಡಿರಲಿಲ್ಲ.

ನೈಸ್ಮಿತ್ ಆಮೇಲೆ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ತಂಡಕ್ಕೆ ಮೊದಲ ಕೋಚ್ ಆದರು. ಅವರ ಕಾಲದ ಲೆಕ್ಕ 55 ಗೆಲುವು, 60 ಸೋಲು. ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಏಕೈಕ ಕೋಚ್ ಆಟವನ್ನು ಕಂಡುಹಿಡಿದವರೇ! ಓಪನ್ ಸೋರ್ಸ್ ಪ್ರಾಜೆಕ್ಟ್ ಶುರು ಮಾಡಿದವರಿಗೂ ಎಷ್ಟೋ ಸಲ ಹೀಗೇ ಆಗುತ್ತದೆ, ಅದು ಬೇರೆ ಮಾತು. ನೈಸ್ಮಿತ್‌ಗೆ ಇದು ವ್ಯಾಯಾಮ, ಹುಡುಗರ ನಡತೆ ತಿದ್ದುವ ಸಾಧನ. ಗೆಲ್ಲುವುದಕ್ಕೆ ತಯಾರಿ ಮಾಡಬೇಕು ಅನ್ನುವುದು ಅವರ ಶಿಷ್ಯ ಫಾಗ್ ಆಲೆನ್ ತಲೆಗೆ ಬಂದ ವಿಚಾರ. ಆಲೆನ್ ಕ್ಯಾನ್ಸಸ್‌ನಲ್ಲಿ 1956ರ ತನಕ ಇದ್ದರು, 1952ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪೂ ಗೆದ್ದರು. ಬಾಸ್ಕೆಟ್‌ಬಾಲ್ ಕೋಚಿಂಗ್ ಅನ್ನುವುದು ಒಂದು ವೃತ್ತಿಯಾದದ್ದು ಅವರ ಕಾಲದಲ್ಲಿ.

ಇಲ್ಲಿ ಒಂದು ನಿಯಮದ ವಿಷಯ ಹೇಳಲೇಬೇಕು. ಅಮೆರಿಕದ ಕಾಲೇಜು ಆಟದಲ್ಲಿ 1949ರ ತನಕ ಟೈಮ್‌ಔಟ್ ಹೊತ್ತಿನಲ್ಲಿ ಕೋಚ್ ತನ್ನ ಆಟಗಾರರ ಜೊತೆ ಮಾತಾಡುವಂತಿರಲಿಲ್ಲ. ಮ್ಯಾಚ್ ಶುರುವಾದ ಮೇಲೆ ಆಟ ಹುಡುಗರದ್ದು, ಮೇಷ್ಟ್ರು ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರಬೇಕು. ಈಗ ಕೋಚುಗಳು ಗಂಟಲು ಹರಿದುಕೊಳ್ಳುವುದನ್ನು ನೋಡಿದವರಿಗೆ ಇದು ನಂಬಲಿಕ್ಕೇ ಕಷ್ಟ. ಪರಿಣಾಮ ಏನು? ಹೇಳಬೇಕಾದ್ದನ್ನೆಲ್ಲ ಮ್ಯಾಚಿಗೆ ಮೊದಲೇ ಹೇಳಿ ಮುಗಿಸಬೇಕು. ಎದುರಾಳಿಯ ಬಗ್ಗೆ ಗೊತ್ತಿರುವುದೆಲ್ಲ ಮೊದಲೇ ಹುಡುಗರ ತಲೆಯೊಳಗೆ ಕೂರಬೇಕು. ಪ್ರೊಡಕ್ಷನ್‌ಗೆ ಹೋದ ಮೇಲೆ ಕೋಡು ಮುಟ್ಟುವ ಹಾಗಿಲ್ಲ ಅಂದರೆ ಟೆಸ್ಟಿಂಗ್ ಎಷ್ಟು ಗಟ್ಟಿ ಇರಬೇಕೋ ಹಾಗೆ. ನೋಡಿ ಬರುವ ಕೆಲಸಕ್ಕೆ ಬೆಲೆ ಬಂದದ್ದರಲ್ಲಿ ಈ ಬಾಯಿ ಮುಚ್ಚಿಸುವ ನಿಯಮಕ್ಕೂ ಒಂದು ಪಾಲಿದೆ ಅಂತ ನನ್ನ ಲೆಕ್ಕ.

ಸ್ಪ್ರಿಂಗ್‌ಫೀಲ್ಡ್‌ನಿಂದ ಮಂಗಳೂರಿಗೆ ದಾರಿ ಹೇಗೆ? ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಓದಿದ ಹ್ಯಾರಿ ಕ್ರೋ ಬಕ್ ಎಂಬವರು 1919ರಲ್ಲಿ ಮದರಾಸಿಗೆ ಬಂದರು. 1920ರಲ್ಲಿ ಅಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ಶುರು ಮಾಡಿದರು. ಈಗ ಚೆನ್ನೈಯ ನಂದನಂನಲ್ಲಿ ಇರುವ ಕಾಲೇಜು ಅದೇ. ಭಾರತದಲ್ಲಿ ಪಿಟಿ ಮೇಷ್ಟ್ರು ಅನ್ನುವ ಕುಲವನ್ನು ತಯಾರು ಮಾಡಿದ ಮೊದಲ ಕಾರ್ಖಾನೆ. ಬಕ್ 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತದ ತಂಡದ ಜೊತೆ ಹೋದವರೂ ಹೌದು. ನಮ್ಮ ಜಿಲ್ಲೆ ಆಗ ಸೌತ್ ಕೆನರಾ, 1956ರ ತನಕ ಮದರಾಸಿಗೆ ಸೇರಿದ್ದು. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜು, 1921ರಲ್ಲಿ ಹುಡುಗಿಯರಿಗಾಗಿ ಶುರುವಾದ ಸಂತ ಆಗ್ನೆಸ್ ಕಾಲೇಜು, ಎರಡಕ್ಕೂ ಪರೀಕ್ಷೆ ನಡೆಸುತ್ತಿದ್ದದ್ದು ಮದರಾಸು ವಿಶ್ವವಿದ್ಯಾಲಯ. ಡಿಗ್ರಿ, ಇನ್‌ಸ್ಪೆಕ್ಟರು, ಕಾಯಿದೆ ಎಲ್ಲ ಬಂದ ದಾರಿಯಲ್ಲೇ ವಿಸಿಲ್ ಊದುವ ಮೇಷ್ಟ್ರ ಪದ್ಧತಿಯೂ ಬಂತು ಅನ್ನುವುದರಲ್ಲಿ ಆಶ್ಚರ್ಯ ಇಲ್ಲ. ಆಮೇಲೆ ಮೈಸೂರು ವಿಶ್ವವಿದ್ಯಾಲಯ, 1980ರಲ್ಲಿ ನಮ್ಮದೇ ಮಂಗಳೂರು ವಿಶ್ವವಿದ್ಯಾಲಯ, ಇಂಜಿನಿಯರಿಂಗಿನವರಿಗೆ 1998ರಿಂದ ಬೆಳಗಾವಿಯ ವಿಟಿಯು. ಪ್ರತಿ ಸಲ ವಿಶ್ವವಿದ್ಯಾಲಯ ಬದಲಾದಾಗಲೂ ಯಾರ ಜೊತೆ ಯಾರು ಆಡಬೇಕು ಅನ್ನುವ ನಕಾಶೆ ಬದಲಾಯಿತು. ಅಂದರೆ ಯಾರು ಯಾರನ್ನು ನೋಡಿ ಬರಬೇಕು ಅನ್ನುವುದೂ ಬದಲಾಯಿತು.

ಆದರೆ ಬಾಸ್ಕೆಟ್‌ಬಾಲ್ ನಮ್ಮ ಜಿಲ್ಲೆಯ ಎಲ್ಲರ ಆಟ ಆಗಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಕಬಡ್ಡಿಗೆ ಗದ್ದೆ ಸಾಕು. ವಾಲಿಬಾಲಿಗೆ ಎರಡು ಕಂಗಿನ ಮರ, ನಡುವೆ ಒಂದು ಬಲೆ ಸಾಕು. ಬಾಸ್ಕೆಟ್‌ಬಾಲಿಗೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಸಮತಟ್ಟಾದ ಸಿಮೆಂಟ್ ನೆಲ ಬೇಕು, ಎರಡು ಕಡೆ ಕಂಬ ಬೇಕು, ನೆಲ ಹಾಳಾಗದಂತೆ ನೋಡಿಕೊಳ್ಳುವವರು ಬೇಕು. ಘಟ್ಟದ ಬುಡದ ನಮ್ಮ ಊರಿನಲ್ಲಿ ಅಷ್ಟು ಸಮತಟ್ಟು ಜಾಗ ಸಿಕ್ಕಿದರೆ ಅಡಿಕೆ ಒಣಹಾಕುತ್ತಾರೆ. ಹಾಗಾಗಿ ಕೋರ್ಟು ಸಿಗುವುದು ಪೇಟೆಯ ಕಾನ್ವೆಂಟುಗಳಲ್ಲಿ, ಹಳೆ ಕಾಲೇಜುಗಳಲ್ಲಿ. ಪೇಟೆಯ ಹುಡುಗ ಐದನೇ ಕ್ಲಾಸಿನಲ್ಲಿ ಬಾಲು ಹಿಡಿದರೆ ಹಳ್ಳಿಯ ಹುಡುಗ ಪಿಯುಸಿಗೆ ಪೇಟೆಗೆ ಬಂದ ಮೇಲೆ ಹಿಡಿಯುತ್ತಾನೆ, ಅದೂ ಎತ್ತರ ಇದ್ದಾನೆ ಅಂತ ಪಿಟಿ ಸರ್ ಕರೆದರೆ ಮಾತ್ರ. ಆರು ವರ್ಷದ ಅಂತರ. ಇದನ್ನು ಒಂದು ಸೀಸನ್ನಿನ ಪ್ರಾಕ್ಟೀಸಿನಲ್ಲಿ ತುಂಬಲಿಕ್ಕೆ ಸಾಧ್ಯವೇ ಇಲ್ಲ.

ನನ್ನ ಪ್ರಕಾರ ನೋಡಿ ಬರುವ ವಿದ್ಯೆಗೆ ನಮ್ಮಲ್ಲಿ ಬೆಲೆ ಬರುವುದು ಇಲ್ಲಿ. ಕೈ ಕಲಿಯಲಿಕ್ಕೆ ಆರು ವರ್ಷ ಬೇಕು, ಕಣ್ಣಿಗೆ ಬೇಡ. ಯಾಕೆಂದರೆ ಹಳ್ಳಿಯ ಹುಡುಗನ ಕಣ್ಣು ಮೊದಲೇ ತಯಾರಾಗಿರುತ್ತದೆ. ಕಬಡ್ಡಿಯಲ್ಲಿ ರೈಡಿಗೆ ಬಂದವನ ಯಾವ ಕಾಲು ಮುಂದೆ ಬರುತ್ತದೆ, ಬೋನಸ್ಸಿಗೆ ಹೋಗುವ ಮೊದಲು ಅವನ ಭುಜ ಎತ್ತ ವಾಲುತ್ತದೆ ಅಂತ ಚಿಕ್ಕಂದಿನಿಂದ ನೋಡಿದವನು ಅವನು. ಕಂಬಳದ ಗದ್ದೆಯ ಬದಿಯಲ್ಲಿ ನಿಂತ ಅಜ್ಜಂದಿರು ಕೋಣ ಕರೆಗೆ ಇಳಿಯುವ ರೀತಿ ನೋಡಿಯೇ "ಇದು ಇವತ್ತು ಓಡುವುದಿಲ್ಲ" ಅಂತ ಹೇಳುವುದನ್ನು ಕೇಳಿದವನು. ನಮ್ಮ ಇಂಜಿನಿಯರಿಂಗ್ ಕಾಲೇಜಿನ ತಂಡದಲ್ಲಿ ಹೀಗೆ ಒಬ್ಬ ಇದ್ದ, ಸುಳ್ಯದ ಕಡೆಯವನು. ಐದು ನಿಮಿಷಕ್ಕಿಂತ ಹೆಚ್ಚು ಅವನನ್ನು ಯಾರೂ ಆಡಿಸುತ್ತಿರಲಿಲ್ಲ. ಆದರೆ ಎದುರಾಳಿಯನ್ನು ನೋಡಲಿಕ್ಕೆ ಪಿಟಿ ಸರ್ ಮೊದಲು ಕಳಿಸುತ್ತಿದ್ದದ್ದು ಅವನನ್ನೇ. ಲ್ಯಾಬ್ ರೆಕಾರ್ಡಿನ ಹಿಂದಿನ ಪುಟದಲ್ಲಿ ಗೀಟು ಎಳೆದು ಬರೆದು ತರುತ್ತಿದ್ದ. ಯಾರು ಫ್ರೀ ಥ್ರೋ ಎಸೆಯುವ ಮೊದಲು ಎಷ್ಟು ಸಲ ಬಾಲು ಕುಟ್ಟುತ್ತಾನೆ ಅನ್ನುವುದು ಕೂಡ ಅದರಲ್ಲಿ ಇರುತ್ತಿತ್ತು. ಅದರಿಂದ ಎಂತ ಉಪಯೋಗ ಅಂತ ಕೇಳಿದರೆ, "ಮೂರು ಸಲ ಕುಟ್ಟುವವ ಎರಡೇ ಸಲ ಕುಟ್ಟಿದರೆ ಹೆದರಿದ್ದಾನೆ ಅಂತ ಲೆಕ್ಕ" ಅಂದಿದ್ದ.

ನೋಡುವುದು ಬೇರೆ, ಭವಿಷ್ಯ ಹೇಳುವುದು ಬೇರೆ. ತುಳುನಾಡಿನಲ್ಲಿ ಎರಡೂ ಪದ್ಧತಿ ಉಂಟು. ಕೋಳಿಕಟ್ಟಕ್ಕೆ ಕುಕ್ಕುಟ ಪಂಚಾಂಗ ಅಂತ ಒಂದು ಪುಸ್ತಕ ಇರುತ್ತದೆ. ಯಾವ ದಿನ, ಯಾವ ನಕ್ಷತ್ರದಲ್ಲಿ ಯಾವ ಬಣ್ಣದ ಹುಂಜಕ್ಕೆ ಜಯ ಅಂತ ಅದು ಹೇಳುತ್ತದೆ. ಎದುರಿನ ಹುಂಜ ಹೋದ ವಾರ ಹೇಗೆ ಕಾದಿತು ಅನ್ನುವುದು ಅದಕ್ಕೆ ಬೇಕಾಗಿಲ್ಲ. ತಾಳಮದ್ದಳೆ ಇದಕ್ಕೆ ಸರಿಯಾಗಿ ವಿರುದ್ಧ. ಅಲ್ಲಿ ವೇಷ ಇಲ್ಲ, ಬರೆದಿಟ್ಟ ಸಂಭಾಷಣೆ ಇಲ್ಲ, ಪ್ರಸಂಗದ ಪದ್ಯ ಮಾತ್ರ. ಎದುರು ಕೂತವರು ಯಾರು ಅನ್ನುವುದರ ಮೇಲೆ ಇಡೀ ರಾತ್ರಿಯ ಮಾತು ನಿಲ್ಲುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಎದುರು ರಾಮನಾಗಿ ಕೂರಬೇಕಾದವರು ಅವರ ಹಳೆಯ ಕೂಟಗಳನ್ನು ನೆನಪಿಸಿಕೊಳ್ಳದೆ ಸುಮ್ಮನೆ ಬಂದು ಕೂತಿರಲಾರರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಆದರೆ ಯಾವ ದಿಕ್ಕಿನಿಂದ ಬರುತ್ತದೆ ಅನ್ನುವುದೇ ಪ್ರಶ್ನೆ. ಬಾಸ್ಕೆಟ್‌ಬಾಲಿನ ನೋಟ್‌ಬುಕ್ಕು ತಾಳಮದ್ದಳೆಯ ಸಂತತಿ, ಪಂಚಾಂಗದ್ದಲ್ಲ.

ಮತ್ತೆ ಅಮೆರಿಕಕ್ಕೆ ಬರುವಾ. ಎಲ್ಲರೂ ಎದುರಾಳಿಯನ್ನು ಓದಿ ಓದಿ ಗೆದ್ದರು ಅಂದುಕೊಂಡರೆ ಅದಕ್ಕೊಂದು ದೊಡ್ಡ ಅಡ್ಡಿ ಉಂಟು, ಜಾನ್ ವುಡನ್. ಯುಸಿಎಲ್‌ಎ ತಂಡವನ್ನು ಇಟ್ಟುಕೊಂಡು 1964ರಿಂದ 1975ರ ತನಕದ ಹನ್ನೆರಡು ವರ್ಷದಲ್ಲಿ ಹತ್ತು ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆದ್ದವರು. ಮಧ್ಯೆ ಸತತ 88 ಮ್ಯಾಚ್ ಸೋಲೇ ಇಲ್ಲ. ಈ ಮನುಷ್ಯ ಎದುರಾಳಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಆಟ ನಾವು ಸರಿಯಾಗಿ ಆಡಿದರೆ ಅವರು ಎಂತ ಬೇಕಾದರೂ ಮಾಡಲಿ ಅನ್ನುವ ಧೋರಣೆ. ಸೀಸನ್ನಿನ ಮೊದಲ ದಿನ ಆಟಗಾರರಿಗೆ ಸಾಕ್ಸ್ ಹಾಕಿಕೊಳ್ಳುವುದು ಹೇಗೆ ಅಂತ ಕಲಿಸುತ್ತಿದ್ದರು, ಮಡಿಕೆ ಇದ್ದರೆ ಬೊಕ್ಕೆ ಬರುತ್ತದೆ ಅಂತ. ವುಡನ್ ಉದಾಹರಣೆ ಕೊಟ್ಟು ನೋಡಿ ಬರುವ ಕೆಲಸವೇ ವ್ಯರ್ಥ ಅನ್ನುವವರು ಇದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಕರೀಂ ಅಬ್ದುಲ್ ಜಬ್ಬಾರ್, ಬಿಲ್ ವಾಲ್ಟನ್ ನಿಮ್ಮ ತಂಡದಲ್ಲಿ ಇದ್ದರೆ ನೀವೂ ಸಾಕ್ಸ್ ಬಗ್ಗೆ ಯೋಚನೆ ಮಾಡಬಹುದು. ಎದುರಾಳಿಯನ್ನು ನೋಡದೆ ಇರುವುದು ಉಳ್ಳವರ ಸೌಕರ್ಯ.

ಇಲ್ಲದವರ ಕತೆ ಬೇಕಾದರೆ 1985 ನೋಡಬೇಕು. ಏಪ್ರಿಲ್ 1ರಂದು ನಡೆದ ಫೈನಲ್ ಅದು, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಜಾರ್ಜ್‌ಟೌನ್, ನಡುವೆ ಪ್ಯಾಟ್ರಿಕ್ ಯೂಯಿಂಗ್ ಎಂಬ ಏಳು ಅಡಿಯ ಗೋಡೆ. ಈ ಕಡೆ ವಿಲನೋವಾ, ತನ್ನ ಗುಂಪಿನಲ್ಲಿ ಎಂಟನೇ ಶ್ರೇಯಾಂಕ. ಅಷ್ಟು ಕೆಳಗಿನ ಶ್ರೇಯಾಂಕದ ತಂಡ ಅದಕ್ಕೆ ಮೊದಲೂ ಗೆದ್ದಿರಲಿಲ್ಲ, ಆಮೇಲೂ ಗೆದ್ದಿಲ್ಲ. ಆದರೆ ಎರಡೂ ಒಂದೇ ಲೀಗಿನವು, ಆ ಸೀಸನ್ನಿನಲ್ಲಿ ಮೊದಲೇ ಎರಡು ಸಲ ಆಡಿದ್ದವು. ಎರಡು ಸಲವೂ ವಿಲನೋವಾ ಸೋತಿತ್ತು, ಎರಡು ಸಲವೂ ಕಡಿಮೆ ಅಂತರದಲ್ಲಿ. ಬೇರೆಯವರಿಗೆ ಜಾರ್ಜ್‌ಟೌನ್‌ನ ಪ್ರೆಸ್ ಅಂದರೆ ಹೆದರಿಕೆ, ಇವರಿಗೆ ಅದು ಗೊತ್ತಿದ್ದ ವಿಷಯ. ಕಾಲೇಜು ಆಟಕ್ಕೆ ಶಾಟ್ ಕ್ಲಾಕ್ ಬರುವ ಮುಂಚಿನ ಕೊನೆಯ ಸೀಸನ್ ಅದು, ಬಾಲು ಇಟ್ಟುಕೊಂಡು ಬೇಕಾದಷ್ಟು ಹೊತ್ತು ಕಾಯಬಹುದಿತ್ತು. ಕಾದರು. ಇಡೀ ಮ್ಯಾಚಿನಲ್ಲಿ ಎಸೆದದ್ದು 28 ಶಾಟ್, ಬಿದ್ದದ್ದು 22. 66–64ಕ್ಕೆ ಗೆದ್ದರು. ಅದೃಷ್ಟ ಅನ್ನಬಹುದು, 28ರಲ್ಲಿ 22 ಯಾರೂ ಪ್ಲಾನ್ ಮಾಡಿ ಹಾಕಲಿಕ್ಕೆ ಆಗುವುದಿಲ್ಲ. ಆದರೆ ಯಾವ 28 ಶಾಟ್ ಎಸೆಯಬೇಕು ಅಂತ ಪ್ಲಾನ್ ಮಾಡಬಹುದು. ಮಂಗಳೂರಿನ ಎಷ್ಟೋ ಸಣ್ಣ ಟೂರ್ನಿಗಳಲ್ಲಿ ಇವತ್ತಿಗೂ 24 ಸೆಕೆಂಡಿನ ಬೋರ್ಡು ಇರುವುದಿಲ್ಲ, ಟೇಬಲ್ಲಿನಲ್ಲಿ ಕೂತವರು ಸ್ಟಾಪ್‌ವಾಚ್ ಹಿಡಿದು ಕೂಗುತ್ತಾರೆ, ಕೆಲವು ಸಲ ಕೂಗುವುದನ್ನು ಮರೆಯುತ್ತಾರೆ. ಟೇಬಲ್ಲಿನವರು ಮರೆಯುತ್ತಾರಾ ಇಲ್ಲವಾ ಅನ್ನುವುದೂ ನೋಡಿ ಬರಬೇಕಾದ ವಿಷಯವೇ!

24 ಸೆಕೆಂಡ್ ಎಲ್ಲಿಂದ ಬಂತು ಅಂತ ಕೇಳಿದರೆ ಅದೊಂದು ಚಂದದ ಲೆಕ್ಕ. 1954ರಲ್ಲಿ ಎನ್‌ಬಿಎಯ ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್, ಜನಕ್ಕೆ ಇಷ್ಟವಾದ ಮ್ಯಾಚುಗಳಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್ ಎಸೆಯುತ್ತಾರೆ ಅಂತ ನೋಡಿದರು. 48 ನಿಮಿಷ ಅಂದರೆ 2880 ಸೆಕೆಂಡ್. ಭಾಗಿಸಿದರೆ 24. ಅಷ್ಟೇ.

ನೋಡುವ ಕೆಲಸದಲ್ಲಿ ಮೋಸ ಹೋಗುವುದೂ ಉಂಟು, ಅದು ಕಣ್ಣಿನ ದೋಷ ಅಲ್ಲ, ತಲೆಯ ದೋಷ. 1966ರ ಫೈನಲ್ಲಿನಲ್ಲಿ ಅಡಾಲ್ಫ್ ರಪ್ ಅವರ ಕೆಂಟಕಿ ತಂಡದಲ್ಲಿ ಇದ್ದವರೆಲ್ಲ ಬಿಳಿಯರು. ಎದುರಿನ ಟೆಕ್ಸಸ್ ವೆಸ್ಟರ್ನ್ ತಂಡದ ಕೋಚ್ ಡಾನ್ ಹ್ಯಾಸ್ಕಿನ್ಸ್ ಆರಂಭದಲ್ಲಿ ಇಳಿಸಿದ ಐವರೂ ಕಪ್ಪು ವರ್ಣದವರು. ಅಂಥ ಫೈನಲ್ಲಿನಲ್ಲಿ ಅದೇ ಮೊದಲು. ಕಪ್ಪು ಆಟಗಾರರು ಅಂದರೆ ಓಡುತ್ತಾರೆ, ಹಾರುತ್ತಾರೆ, ಶಿಸ್ತು ಇರುವುದಿಲ್ಲ ಅಂತ ಆ ಕಾಲದ ಪತ್ರಿಕೆಯವರ ತಲೆಯಲ್ಲಿ ಅಚ್ಚಾಗಿತ್ತು. ನಿಜವಾಗಿ ಹ್ಯಾಸ್ಕಿನ್ಸ್ ತಂಡ ನಿಧಾನಕ್ಕೆ, ಡಿಫೆನ್ಸ್ ಗಟ್ಟಿ ಮಾಡಿ ಆಡುವ ತಂಡ. ಮೊದಲರ್ಧದಲ್ಲಿ ಬಾಬಿ ಜೋ ಹಿಲ್ ಒಂದರ ಹಿಂದೆ ಒಂದು ಎರಡು ಸಲ ಕೆಂಟಕಿಯ ಗಾರ್ಡುಗಳ ಕೈಯಿಂದ ಬಾಲು ಕಸಿದುಕೊಂಡು ಹೋಗಿ ಹಾಕಿದ. 72–65. ಕಣ್ಣೆದುರು ಇದ್ದದ್ದನ್ನು ನೋಡದೆ ತಲೆಯೊಳಗೆ ಇದ್ದದ್ದನ್ನು ನೋಡಿದರೆ ಹೀಗಾಗುತ್ತದೆ. ನಮ್ಮಲ್ಲಿಯೂ ಇದರ ಸಣ್ಣ ರೂಪ ಉಂಟು. "ಹಳ್ಳಿ ಕಾಲೇಜಿನವರು, ಓಡ್ತಾರೆ ಅಷ್ಟೇ, ಶೂಟಿಂಗ್ ಇಲ್ಲ" ಅಂತ ಬರೆದ ಚೀಟಿಗಳನ್ನು ನಾನೇ ನೋಡಿದ್ದೇನೆ. ಪೇಟೆಯ ತಂಡದ ಚೀಟಿ ಅದು, ಬೆಂಚಿನ ಕೆಳಗೆ ಬಿದ್ದಿತ್ತು. ಒಂದು ನಂಬರ್ ಇಲ್ಲ, ಒಂದು ಎಡಗೈ ಬಲಗೈ ಇಲ್ಲ, ಬರೀ ಜಾತಕ!

ಈಗ ಲೆಕ್ಕದವರ ಸರದಿ, ನಮ್ಮಂಥವರಿಗೆ ಹತ್ತಿರದ ವಿಷಯ. ಫಾಗ್ ಆಲೆನ್ ಅವರ 1952ರ ತಂಡದ ಬೆಂಚಿನಲ್ಲಿ ಡೀನ್ ಸ್ಮಿತ್ ಎಂಬ ಹುಡುಗ ಇದ್ದ. ಮುಂದೆ ಅವರೇ ನಾರ್ತ್ ಕೆರೊಲಿನಾದಲ್ಲಿ 1961ರಿಂದ 1997ರ ತನಕ ಕೋಚ್ ಆಗಿದ್ದವರು. ಒಂದು ಮ್ಯಾಚಿಗೆ ಎಷ್ಟು ಪಾಯಿಂಟ್ ಅಂತ ಎಲ್ಲರೂ ಲೆಕ್ಕ ಹಾಕುವಾಗ ಅವರು ಬಾಲು ಒಂದು ಸಲ ಕೈಗೆ ಬಂದರೆ ಎಷ್ಟು ಪಾಯಿಂಟ್ ಅಂತ ಲೆಕ್ಕ ಹಾಕಿದರು. ಕೇಳಲಿಕ್ಕೆ ಸಣ್ಣ ವಿಷಯ. ಆದರೆ ನಿಧಾನಕ್ಕೆ ಆಡುವ ತಂಡ 55 ಪಾಯಿಂಟ್ ಹಾಕಿದರೆ ಅದು ದುರ್ಬಲ ಅಂತಲ್ಲ, ಅದಕ್ಕೆ ಬಾಲು ಸಿಕ್ಕಿದ್ದೇ ಕಡಿಮೆ ಸಲ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಇದೇ ದಾರಿಯಲ್ಲಿ ಮುಂದೆ ಹೋದವರು ಡೀನ್ ಆಲಿವರ್, ಓದಿದ್ದು ಇಂಜಿನಿಯರಿಂಗ್. ಅವರ 2004ರ ಪುಸ್ತಕದಲ್ಲಿ ಗೆಲುವನ್ನು ನಾಲ್ಕು ತುಂಡು ಮಾಡಿದ್ದಾರೆ. ಶೂಟಿಂಗ್ ಎಷ್ಟು ಚೆನ್ನಾಗಿದೆ, ಬಾಲು ಎಷ್ಟು ಸಲ ಕಳೆದುಕೊಳ್ಳುತ್ತೀರಿ, ತಪ್ಪಿದ ಬಾಲನ್ನು ಎಷ್ಟು ಸಲ ವಾಪಸ್ ಹಿಡಿಯುತ್ತೀರಿ, ಫ್ರೀ ಥ್ರೋ ಗೆರೆಗೆ ಎಷ್ಟು ಸಲ ಹೋಗುತ್ತೀರಿ. ತೂಕ ಸುಮಾರು 40, 25, 20, 15. ಕಾಲೇಜು ಟೂರ್ನಿಯ ಗೋಡೆ ಬದಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಗೀಟು ಹಾಕಲಿಕ್ಕೆ ಇದಕ್ಕಿಂತ ಒಳ್ಳೆಯ ನಾಲ್ಕು ಕಾಲಮ್ ನನಗೆ ಗೊತ್ತಿಲ್ಲ, ಲ್ಯಾಪ್‌ಟಾಪ್ ಬೇಕಾಗುವುದೇ ಇಲ್ಲ.

ಅದಕ್ಕೂ ಮೊದಲು, 1990ರ ದಶಕದ ಮಧ್ಯದಲ್ಲಿ, ಐಬಿಎಂನಲ್ಲಿ ಇಂದರ್‌ಪಾಲ್ ಭಂಡಾರಿ ಎಂಬ ಭಾರತೀಯ ಮೂಲದ ಸಂಶೋಧಕರು ಅಡ್ವಾನ್ಸ್‌ಡ್ ಸ್ಕೌಟ್ ಅಂತ ಒಂದು ಪ್ರೋಗ್ರಾಂ ಮಾಡಿದರು. ಡೇಟಾ ಮೈನಿಂಗ್ ಅನ್ನುವ ಶಬ್ದ ನಮ್ಮ ಸಿಲೆಬಸ್ಸಿಗೆ ಬರುವ ಎಷ್ಟೋ ಮೊದಲು. ಎನ್‌ಬಿಎ ತಂಡಗಳ ಮ್ಯಾಚ್ ದಾಖಲೆ ಹಾಕಿದರೆ, ಯಾವ ಆಟಗಾರರು ಜೊತೆಯಲ್ಲಿ ಇದ್ದಾಗ ಎಂತ ಆಗುತ್ತದೆ ಅಂತ ಅದು ಹುಡುಕಿ ಕೊಡುತ್ತದೆ. 1997ರ ಪ್ಲೇಆಫಿನಲ್ಲಿ ಒರ್ಲಾಂಡೊ ತಂಡ ಮಯಾಮಿ ಎದುರು ಮೊದಲ ಎರಡು ಮ್ಯಾಚ್ ಕೆಟ್ಟದಾಗಿ ಸೋತಿತು. ಬೆಂಚಿನ ಆಟಗಾರ ಡ್ಯಾರೆಲ್ ಆರ್ಮ್‌ಸ್ಟ್ರಾಂಗ್ ಕೋರ್ಟಿನಲ್ಲಿ ಇದ್ದಾಗ ಸ್ಟಾರ್ ಆಟಗಾರ ಪೆನ್ನಿ ಹಾರ್ಡವೇ ಆಟ ಬದಲಾಗುತ್ತದೆ ಅಂತ ಪ್ರೋಗ್ರಾಂ ತೋರಿಸಿತು. ಆರ್ಮ್‌ಸ್ಟ್ರಾಂಗ್‌ಗೆ ಹೆಚ್ಚು ಹೊತ್ತು ಕೊಟ್ಟರು. ಮುಂದಿನ ಎರಡು ಮ್ಯಾಚ್ ಒರ್ಲಾಂಡೊ ಗೆದ್ದಿತು, ಹಾರ್ಡವೇ 42, 41 ಪಾಯಿಂಟ್ ಹಾಕಿದ. ಐದನೆಯದು ಸೋತಿತು, ಅದೂ ಹೇಳಬೇಕು. ನನಗೆ ಈ ಕತೆಯಲ್ಲಿ ಇಷ್ಟವಾಗುವುದು ಒಂದು ವಿಷಯ. ಯಂತ್ರ ಹುಡುಕಿ ಕೊಟ್ಟದ್ದು ಎದುರಾಳಿಯ ಗುಟ್ಟನ್ನಲ್ಲ, ಅವರದೇ ಬೆಂಚಿನಲ್ಲಿ ಕೂತಿದ್ದ ಮನುಷ್ಯನನ್ನು.

ಇಷ್ಟೆಲ್ಲ ಬೆಳೆದ ಮೇಲೆ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಒಂದು ವಿಚಿತ್ರ ಕೆಲಸ ಮಾಡಿತು. ಮುಂದೆ ಆಡಬೇಕಾಗಿರುವ ತಂಡದ ಮ್ಯಾಚನ್ನು ಅದೇ ಸೀಸನ್ನಿನಲ್ಲಿ ಖುದ್ದಾಗಿ ಹೋಗಿ ನೋಡುವುದನ್ನು ನಿಷೇಧಿಸಿತು. ಕಾರಣ ನೈತಿಕತೆ ಅಲ್ಲ, ಖರ್ಚು. ದುಡ್ಡಿದ್ದ ವಿಶ್ವವಿದ್ಯಾಲಯ ಹತ್ತು ಜನರನ್ನು ವಿಮಾನದಲ್ಲಿ ಕಳಿಸುತ್ತದೆ, ಇಲ್ಲದ್ದು ಎಂತ ಮಾಡಬೇಕು? ಎಲ್ಲರೂ ವಿಡಿಯೊ ನೋಡಿ, ಸಾಕು. 2023ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಸಿಬ್ಬಂದಿಯೊಬ್ಬರು ಎದುರಾಳಿಗಳ ಮ್ಯಾಚಿನ ಟಿಕೆಟ್ ತೆಗೆಸಿ, ಜನ ಕಳಿಸಿ, ಕೋಚುಗಳ ಕೈಸನ್ನೆಯನ್ನು ಫೋನಿನಲ್ಲಿ ಹಿಡಿಸಿದರು ಅಂತ ದೊಡ್ಡ ಗಲಾಟೆ ಆದದ್ದು ಈ ನಿಯಮದ ಮೇಲೆಯೇ. ಈ ನಿಯಮಕ್ಕೆ ಒಂದು ವಿನಾಯಿತಿ ಉಂಟು. ಒಂದೇ ಜಾಗದಲ್ಲಿ ನಡೆಯುವ ಒಂದೇ ಟೂರ್ನಿಯಲ್ಲಿ ಎರಡೂ ತಂಡ ಇದ್ದರೆ ಕೂತು ನೋಡಬಹುದು. ಅಂದರೆ ನಮ್ಮ ಗೋಡೆ ಬದಿಯ ಬನ್ಸ್ ಗಿರಾಕಿಗಳು ಮಾಡುವುದು ಅಲ್ಲಿಯೂ ಕಾನೂನುಬದ್ಧ.

ನಮ್ಮಲ್ಲಿ ಅಂಥ ನಿಯಮದ ಅಗತ್ಯವೂ ಬಂದಿಲ್ಲ. ಯಾವ ಕಾಲೇಜಿನಲ್ಲಿ ಎದುರಾಳಿ ನೋಡಲಿಕ್ಕೆ ಜನ ಕಳಿಸುವಷ್ಟು ದುಡ್ಡು ಉಂಟು ಹೇಳಿ. ಬಸ್ ಚಾರ್ಜು, ಒಂದು ಊಟ, ಜರ್ಸಿಗೆ ಪ್ರಿಂಟು, ಅಲ್ಲಿಗೆ ಮುಗಿಯಿತು. ಹಾಗಾಗಿ ಇಲ್ಲಿ ಗೊತ್ತಿರುವುದೆಲ್ಲ ಆ ಎರಡು ದಿನದಲ್ಲಿ, ಆ ಒಂದು ಕೋರ್ಟಿನ ಬದಿಯಲ್ಲಿ ಗೊತ್ತಾದದ್ದು. ಇದರಲ್ಲಿ ಒಂದು ಸಮಾನತೆ ಉಂಟು. ನಗರದ ಒಳ್ಳೆಯ ತಂಡದವರು ಬೆಳಗಿನ ಮ್ಯಾಚ್ ಆದ ಕೂಡಲೇ ಊಟಕ್ಕೆ ಹಂಪನಕಟ್ಟೆ ಕಡೆ ಹೊರಡುತ್ತಾರೆ, ಅವರಿಗೆ ಊರು ಗೊತ್ತು. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯಿಂದ ಬಂದವರಿಗೆ ಹೋಗಲಿಕ್ಕೆ ಜಾಗ ಇಲ್ಲ. ಅಲ್ಲೇ ಕೂರುತ್ತಾರೆ. ಕೂತದ್ದಕ್ಕೆ ನೋಡುತ್ತಾರೆ.

ಮಳೆಯ ವಿಷಯ ಬಿಟ್ಟರೆ ಮಂಗಳೂರಿನ ಕತೆ ಪೂರ್ತಿ ಆಗುವುದಿಲ್ಲ. ಹೆಚ್ಚಿನ ಕೋರ್ಟುಗಳಿಗೆ ಮಾಡು ಇಲ್ಲ. ಟೂರ್ನಿ ಇಡುವುದು ಮಳೆಗಾಲ ಮುಗಿದ ಮೇಲೆ, ಆದರೂ ಅಕ್ಟೋಬರ್ ಸಂಜೆಯ ಗುಡುಗು ಮಳೆಗೆ ಯಾರ ಹೆದರಿಕೆಯೂ ಇಲ್ಲ. ಬಾಸ್ಕೆಟ್‌ಬಾಲ್ ಮೊದಲ ಸಲ ಒಲಿಂಪಿಕ್ಸಿಗೆ ಬಂದ 1936ರ ಬರ್ಲಿನ್‌ನಲ್ಲಿ ಫೈನಲ್ ನಡೆದದ್ದೂ ಬಯಲಿನಲ್ಲಿ, ಮಳೆಯಲ್ಲಿ, ಮಣ್ಣಿನ ಕೋರ್ಟಿನಲ್ಲಿ. ಬಾಲು ಪುಟಿಯುವುದೇ ಇಲ್ಲ, ಡ್ರಿಬಲ್ ಮಾಡಲಿಕ್ಕೆ ಇಲ್ಲ. ಅಮೆರಿಕ ಕೆನಡಾವನ್ನು ಸೋಲಿಸಿದ್ದು 19–8ಕ್ಕೆ. ಎಪ್ಪತ್ತನಾಲ್ಕು ವರ್ಷದ ಮುದುಕ ನೈಸ್ಮಿತ್ ಆ ಒಲಿಂಪಿಕ್ಸಿಗೆ ಬಂದಿದ್ದರು, ಹಿಮಕ್ಕೆ ಹೆದರಿ ಒಳಗೆ ಆಡಲಿಕ್ಕೆ ಮಾಡಿದ ಆಟ ಮಳೆಗೆ ಸಿಕ್ಕಿಬಿತ್ತು. ಹೊರಗಿನ ಕೋರ್ಟಿನಲ್ಲಿ ನೋಡಿ ಬಂದವರಿಗೆ ಇದು ಚೆನ್ನಾಗಿ ಗೊತ್ತು. ಬೆಳಿಗ್ಗೆ ಬಿಸಿಲಿಗೆ ನೋಡಿದ ಶೂಟರ್, ಮಳೆ ನಿಂತ ಮೇಲೆ ಗೋಣಿಯಲ್ಲಿ ಒರೆಸಿದ ನೆಲದ ಮೇಲೆ ಅವನೇ ಅಲ್ಲ. ಆಗ ಚೀಟಿ ಮಡಚಿ ಜೇಬಿಗೆ ಹಾಕಿ, ಯಾರ ಶೂ ಜಾರುತ್ತದೆ ಅಂತ ಮೊದಲಿಂದ ನೋಡಲಿಕ್ಕೆ ಶುರು ಮಾಡಬೇಕು.

ಇತ್ತೀಚೆಗೆ ಎಲ್ಲರ ಕೈಯಲ್ಲೂ ಫೋನು. ಪೆವಿಲಿಯನ್ನಿನ ಮೇಲಿಂದ ಯಾರೋ ಒಬ್ಬ ಇಡೀ ಮ್ಯಾಚ್ ರೆಕಾರ್ಡ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ, ರಾತ್ರಿ ಹಾಸ್ಟೆಲಿನಲ್ಲಿ ನಾಲ್ಕು ಜನ ಒಂದು ಸ್ಕ್ರೀನಿಗೆ ತಲೆ ಕೊಡುತ್ತಾರೆ. ಒಳ್ಳೆಯದೇ. ಹಿಂದೆ ಮುಂದೆ ಮಾಡಿ ನೋಡಬಹುದು, ಏಳನೇ ನಂಬರಿನವ ನಿಜವಾಗಿ ಎಡಕ್ಕೆ ಹೋಗುವುದಿಲ್ಲವಾ ಅಂತ ಎಣಿಸಬಹುದು. ಆದರೆ ಫೋನಿನ ಮೈಕಿಗೆ ಸಿಗುವುದು ಗಾಳಿ ಮತ್ತು ಪಕ್ಕದವನ ಬೊಬ್ಬೆ. ಕೋರ್ಟಿನೊಳಗಿನ ಮಾತು ಸಿಗುವುದಿಲ್ಲ. ಮಂಗಳೂರಿನಲ್ಲಿ ಆ ಮಾತು ಮುಖ್ಯ. ಇಲ್ಲಿ ಒಂದೇ ತಂಡದಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಎಲ್ಲ ಇರುತ್ತದೆ. ಬೆಂಗಳೂರಿನವರ ಎದುರು ತುಳುವಿನಲ್ಲಿ ಪ್ಲೇ ಕೂಗಿದರೆ ಅದೇ ಕೋಡ್‌ವರ್ಡ್, "ದುಂಬು ಪೋಲ" ಅಂದರೆ ಮುಂದೆ ಹೋಗು ಅಂತ ಅವರಿಗೆ ತಿಳಿಯುವುದಿಲ್ಲ. ಪುತ್ತೂರಿನವರ ಎದುರು ಅದು ನಡೆಯುವುದಿಲ್ಲ, ಆಗ ಇಬ್ಬರು ಕೊಂಕಣಿಯವರು ಸಿಕ್ಕಿದರೆ ಕೊಂಕಣಿಗೆ ಬದಲಾಯಿಸುತ್ತಾರೆ. ಹಾಗಾಗಿ ಬುದ್ಧಿವಂತ ತಂಡದವರು ಇವತ್ತಿಗೂ ರೆಕಾರ್ಡ್ ಮಾಡುವವನನ್ನು ಮೇಲೆ ಕೂರಿಸಿ, ಇನ್ನೊಬ್ಬನನ್ನು ಎದುರಾಳಿಯ ಬೆಂಚಿನ ಹಿಂದೆ, ಕಾಂಪೌಂಡಿನ ಆ ಬದಿ, ಬೊಂಡ ಕುಡಿಯುವ ನೆಪದಲ್ಲಿ ನಿಲ್ಲಿಸುತ್ತಾರೆ. ನಾಲ್ಕು ಭಾಷೆ ಬರುವವನನ್ನೇ ಆರಿಸುತ್ತಾರೆ.